ಮೇಷ್ಟ್ರ ಬೇಸಿಗೆ

ಯಲ್ಲದಕೆರೆ ಸೀಮೆಯಲ್ಲಿ ಬೇಸಿಗೆ ಅಂದರೆ ರಜೆ ಅಲ್ಲ. ಹೆಸರಿನಲ್ಲಿ ಕೆರೆ ಹೊತ್ತ ಊರುಗಳಲ್ಲಿ ಕೆರೆಯಂಗಳ ಬಿರುಕು ಬಿಟ್ಟುಕೊಂಡು ಬಿದ್ದಿರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮ ಹಿರಿಯೂರು ಒಂದು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ಯುಗಾದಿ ಮುಗಿಯುವುದೇ ತಡ, ಕೇರಿಯ ಜನ, ಹಟ್ಟಿಯ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮಕ್ಕಳೂ ಜೊತೆಗೆ. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಬೇಕಾಗಿ ಬಂತು. ಪಾಠವಿಲ್ಲ, ಗಂಟೆಯಿಲ್ಲ. ತಟ್ಟೆ ಹಿಡಿದು ಬರುವ ಮಕ್ಕಳು ಮಾತ್ರ.

ಈ ಬೇಸಿಗೆಯಲ್ಲಿ ಮೇಷ್ಟ್ರು ಏನು ಮಾಡುತ್ತಾರೆ ಎಂಬುದನ್ನು ಯಾರೂ ಕೇಳಿದ್ದಿಲ್ಲ. ಜಾತ್ರೆಗೆ ಹೋಗುತ್ತಾರೆ, ಜನಗಣತಿಗೆ ಹೋಗುತ್ತಾರೆ, ಮತದಾರರ ಪಟ್ಟಿ ಹಿಡಿದು ಮನೆಮನೆ ಅಲೆಯುತ್ತಾರೆ. ಸರಿ. ಆದರೆ ಅವರು ಕಲಿಯುವುದು ಯಾವಾಗ? ನಮ್ಮ ಮಕ್ಕಳಿಗೆ ಕಲಿಸಬೇಕಾದ ಗಣಿತವನ್ನು, ವಿಜ್ಞಾನವನ್ನು, ಚರಿತ್ರೆಯನ್ನು ಅವರಿಗೆ ಯಾರು, ಎಲ್ಲಿ, ಯಾವ ಭಾಷೆಯಲ್ಲಿ ಕಲಿಸಿದರು? ನಾವು ಇಲ್ಲಿ ಬರೆಯಹೊರಟಿರುವುದು ಈ ಬೇಸಿಗೆಗಳ ಚರಿತ್ರೆ.

ಇದಕ್ಕೆ ಒಂದು ಕಾರಣವಿದೆ. ನಾವು ಏಳನೇ ಕ್ಲಾಸಿನಲ್ಲಿದ್ದಾಗ ಭಿನ್ನರಾಶಿಯ ಭಾಗಾಕಾರ ಬಂತು. ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕು ಅಂದರು ಮೇಷ್ಟ್ರು. ನಮ್ಮಲ್ಲೊಬ್ಬ ಎದ್ದು ನಿಂತು, "ಯಾಕೆ ಸಾ ತಿರುಗಿಸ್ಬೇಕು?" ಅಂದ. "ತಿರುಗಿಸು ಅಂದ್ರೆ ತಿರುಗಿಸು, ಕುಂತ್ಕಾ" ಅಂದರು. ಆ ಮೇಷ್ಟ್ರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಕೂಲಿಯವರ ಮಗನೇ. ಅವರಿಗೂ ಹಿಂದೆ ಯಾರೋ ಹಾಗೇ ಹೇಳಿ ಕೂರಿಸಿರಬೇಕು. ಆದರೆ ಅದೇ ಬೆಂಚಿನಲ್ಲಿದ್ದ ಉಳ್ಳವರ ಮನೆ ಹುಡುಗ ಸಂಜೆ ಮನೆಗೆ ಹೋಗಿ ಕೇಳಬಲ್ಲ. ಅಪ್ಪನಿಗೆ ಗೊತ್ತಿರುತ್ತದೆ, ಇಲ್ಲವೇ ಟ್ಯೂಷನ್ನಿನವನಿಗೆ ಗೊತ್ತಿರುತ್ತದೆ. ನಮ್ಮ ಗುಡಿಸಲಲ್ಲಿ ಯಾರನ್ನು ಕೇಳುವುದು? ನಮಗೆ ಮೇಷ್ಟ್ರೇ ಪುಸ್ತಕ, ಮೇಷ್ಟ್ರೇ ಲೈಬ್ರರಿ. ಆ ಪುಸ್ತಕದಲ್ಲಿ ಒಂದು ಪುಟ ಹರಿದಿದ್ದರೆ ನಮ್ಮ ಬದುಕಿನಲ್ಲೂ ಆ ಪುಟ ಇರುವುದಿಲ್ಲ. ಮೇಷ್ಟ್ರ ವಿಷಯಜ್ಞಾನ ದಲಿತರ ಪ್ರಶ್ನೆ ಅನ್ನುವುದು ಇದಕ್ಕೆ.

ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತು ಆ ಬಂಡೆಯ ಮೇಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಗುರುಭಕ್ತಿಯನ್ನು ಕಲ್ಲಿನಲ್ಲಿ ಕೊರೆದರು. ಗುರುವಿಗೆ ಏನೇನು ಗೊತ್ತಿರಬೇಕು ಎಂದು ಮಾತ್ರ ಯಾವ ಬಂಡೆಯ ಮೇಲೂ ನಾವು ಕಂಡಿಲ್ಲ. 1892ರಲ್ಲಿ ಈ ಶಾಸನವನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್. ಶಾಸನದ ರೈಸ್ ಎಂದೇ ಕನ್ನಡದವರಿಗೆ ಅವರು ಗೊತ್ತು. ಆದರೆ ಅದಕ್ಕೆ ಮೊದಲು ಅವರು ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರು. 1868ರ ಹೊತ್ತಿಗೆ ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದವರೂ ಅವರೇ. ಶಾಲೆಗೆ ಮೇಷ್ಟ್ರು ಬೇಕಲ್ಲ? ಊರಿನ ಕೂಲಿಮಠದ ಅಯ್ಯನವರನ್ನೇ ಕರೆದು, ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು ಹೋಬಳಿ ಶಾಲೆಗೆ ಕಳಿಸಿದರು. ಕೂಲಿಮಠದಲ್ಲಿ ಕೂತವರು ಯಾರು, ಜಗಲಿಯಿಂದಾಚೆ ನಿಂತವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರಿಗೆ ತರಬೇತಿ ಎನ್ನುವುದು ಹುಟ್ಟಿದ್ದೇ ಹೀಗೆ: ಅಕ್ಷರ ಮೊದಲೇ ಇದ್ದವರ ಕೈಗೆ ಸರ್ಕಾರದ ಸರ್ಟಿಫಿಕೇಟು.

ಆಚೆ ಪುಣೆಯಲ್ಲಿ ಬೇರೆಯೇ ನಡೆದಿತ್ತು. ಸಾವಿತ್ರಿಬಾಯಿ ಫುಲೆ ಗಂಡನಿಂದ ಅಕ್ಷರ ಕಲಿತು, ಅಧ್ಯಾಪನದ ತರಬೇತಿ ಪಡೆದು, 1848ರಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠಕ್ಕೆ ನಿಂತರು. ಮೊದಲು ತಾನು ಕಲಿತು, ಆಮೇಲೆ ಕಲಿಸಿದವರು ಅವರು. ಮೈಸೂರಿನಲ್ಲಿ ಆ ಗಾಳಿ ಬೀಸಲು ಬಹಳ ದಿನ ಹಿಡಿಯಿತು. 1918ರಲ್ಲಿ ಮಿಲ್ಲರ್ ಸಮಿತಿ ಕೂತು 1919ರಲ್ಲಿ ವರದಿ ಕೊಟ್ಟಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಎಂಬ ಮಾತು ಕಾಗದದ ಮೇಲೆ ಬಂತು. ಆ ಪಾಲು ಹೊಲೆಮಾದಿಗರ ಕೇರಿಗೆ ಮೇಷ್ಟ್ರ ಕೆಲಸವಾಗಿ ಇಳಿಯುವ ಹೊತ್ತಿಗೆ ಸ್ವಾತಂತ್ರ್ಯ ಬಂದು ಮೀಸಲಾತಿ ಬಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಟಿ.ಸಿ.ಎಚ್. ಮಾಡಿಕೊಂಡ ಹುಡುಗ ಊರಿಗೇ ಮೊದಲ ನೌಕರ. ಅವನಿಗೆ ಕುರ್ಚಿ ಸಿಕ್ಕಿತು. ಕುರ್ಚಿಯ ಜೊತೆಗೆ ಸಿಗಬೇಕಾದ ಇನ್ನೊಂದು ಸಿಗಲಿಲ್ಲ.

ಬೇಸಿಗೆ ಕೋರ್ಸುಗಳ ಕಥೆ ಶುರುವಾಗುವುದು ಇಲ್ಲಿಂದ. 1957ರ ಅಕ್ಟೋಬರಿನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಅಮೆರಿಕಾಕ್ಕೆ ದಿಗಿಲಾಯಿತು. ನಮ್ಮ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನ ಸಾಲದು ಎಂದು, ಆಗಲೇ ಸಣ್ಣದಾಗಿ ನಡೆಯುತ್ತಿದ್ದ ಬೇಸಿಗೆ ಕೋರ್ಸುಗಳಿಗೆ ಅಲ್ಲಿನ ಸರ್ಕಾರ ಹಣ ಸುರಿಯಿತು. ವಿಶ್ವವಿದ್ಯಾಲಯದ ಪ್ರೊಫೆಸರುಗಳು ರಜೆಯಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ಪಾಠ ಮಾಡಿದರು. ಪಾಠ ಹೇಳುವ ವಿಧಾನವನ್ನಲ್ಲ, ವಿಷಯವನ್ನೇ. ಆ ಮಾದರಿ 1963ರಲ್ಲಿ ಅಮೆರಿಕಾದ ನೆರವಿನೊಂದಿಗೇ ಇಂಡಿಯಾಕ್ಕೆ ಬಂತು. ಆ ವರ್ಷ ದೇಶದಲ್ಲಿ ನಾಲ್ಕೇ ನಾಲ್ಕು ಬೇಸಿಗೆ ಶಿಬಿರಗಳು. ಮುಂದೆ ವರ್ಷವರ್ಷಕ್ಕೂ ಬೆಳೆದವು. ಸುಮಾರು ಆರು ವಾರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ಪುಸ್ತಕಗಳೂ ಅಲ್ಲಿಯವೇ.

ಅದೇ 1963ರಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮಗ್ಗುಲಲ್ಲಿ ರೀಜನಲ್ ಕಾಲೇಜ್ ಆಫ್ ಎಜುಕೇಷನ್ ತೆರೆಯಿತು. ಅಜ್ಮೀರ, ಭೋಪಾಲ, ಭುವನೇಶ್ವರ, ಮೈಸೂರು, ಹೀಗೆ ದೇಶಕ್ಕೆ ನಾಲ್ಕು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಪರಿಣತರು ಇವುಗಳಿಗೆ ಸಲಹೆ ಕೊಟ್ಟರು. ವಿಷಯ ಮತ್ತು ವಿಧಾನ ಬೇರೆಬೇರೆಯಲ್ಲ, ಎರಡನ್ನೂ ಒಟ್ಟಿಗೇ ಕಲಿಸಬೇಕು ಎಂದು ನಾಲ್ಕು ವರ್ಷದ ಪದವಿ ಕೋರ್ಸು ಮಾಡಿದರು. ಅದು ಒಳ್ಳೆಯ ವಿಚಾರವೇ, ನಾವು ಅಲ್ಲಗಳೆಯುವುದಿಲ್ಲ. 1966ರ ಸುಮಾರಿಗೆ ಕೆಲಸದಲ್ಲಿರುವ ಮೇಷ್ಟ್ರುಗಳಿಗಾಗಿ ಇನ್ನೊಂದು ಬಂತು: ಬೇಸಿಗೆ ಶಾಲೆ ಹಾಗೂ ಅಂಚೆ ಪಾಠದ ಬಿ.ಎಡ್. ಎರಡು ಬೇಸಿಗೆ, ಎರಡೆರಡು ತಿಂಗಳು ಮೈಸೂರಿನಲ್ಲಿ. ನಡುವಿನ ಹತ್ತು ತಿಂಗಳು ಅಂಚೆಯಲ್ಲಿ ಪಾಠ. ಒಟ್ಟು ಹದಿನಾಲ್ಕು ತಿಂಗಳು. ಸಂಬಳ ಬಿಡದೆ, ಕೆಲಸ ಬಿಡದೆ ಓದಬಹುದಾದ ದಾರಿ ಅದು. ಸಂಸಾರ ಹೊತ್ತವನಿಗೆ ಅದು ಎಷ್ಟು ದೊಡ್ಡದು ಎಂಬುದು ಸಂಸಾರ ಹೊತ್ತವನಿಗೇ ಗೊತ್ತು.

ಆದರೆ ಗೆಳೆಯರೇ, ಯಾರಿಗೆ? ಬಿ.ಎಡ್. ಓದಲು ಮೊದಲೇ ಪದವಿ ಇರಬೇಕು. ವಿಜ್ಞಾನದ ಶಿಬಿರಕ್ಕೆ ಹೈಸ್ಕೂಲು ಮೇಷ್ಟ್ರಾಗಿರಬೇಕು. ಪಾಠ ಇಂಗ್ಲಿಷಿನಲ್ಲಿ. ಯಲ್ಲದಕೆರೆಯಂಥ ಊರಿನ ಪ್ರೈಮರಿ ಮೇಷ್ಟ್ರು, ಎಸ್ಸೆಸ್ಸೆಲ್ಸಿ ಮತ್ತು ಟಿ.ಸಿ.ಎಚ್. ಆದವರು, ಆ ಗೇಟಿನ ಹತ್ತಿರವೂ ಸುಳಿಯುವ ಹಾಗಿರಲಿಲ್ಲ. ಅವರಿಗೆ ಬೇರೆಯದೇ ತರಬೇತಿ ಇಟ್ಟಿದ್ದರು: ಬೋಧನಾ ವಿಧಾನ, ಪಾಠಯೋಜನೆ, ಪಾಠೋಪಕರಣ. ಹೈಸ್ಕೂಲಿನವನಿಗೆ ಜ್ಞಾನ, ಪ್ರೈಮರಿಯವನಿಗೆ ವಿಧಾನ! ಒಂದನೇ ಕ್ಲಾಸಿಗೆ ಪಾಠ ಹೇಳಲು ಏನು ಮಹಾ ಗೊತ್ತಿರಬೇಕು ಎಂಬ ತಾತ್ಸಾರ ಅದರೊಳಗಿದೆ. ಇದು ಹೊಸದೇನಲ್ಲ. ತಲೆಗೆ ವಿದ್ಯೆ, ಕೈಕಾಲಿಗೆ ಕೆಲಸ ಎಂದು ಹಂಚಿದ ಹಳೆಯ ಲೆಕ್ಕವೇ ವಿದ್ಯಾ ಇಲಾಖೆಯ ಒಳಗೂ ನುಗ್ಗಿತು. ಇಲಾಖೆಗೂ ಒಂದು ವರ್ಣಾಶ್ರಮ.

1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಈ ಭೇದವನ್ನು ಮಾಡಲಿಲ್ಲ. ಪ್ರತಿಯೊಬ್ಬ ಶಿಕ್ಷಕನಿಗೂ ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳಾದರೂ ಓದಿನ ಅವಕಾಶ ಕೊಡಬೇಕು ಎಂದಿತು. ಲೆಕ್ಕ ಹಾಕಿ ನೋಡಿ. ಮೂವತ್ತು ವರ್ಷ ಸರ್ವಿಸು ಮಾಡಿದ ಮೇಷ್ಟ್ರಿಗೆ ಒಂದರಿಂದ ಒಂದೂವರೆ ವರ್ಷ ಶುದ್ಧ ಓದು. ನಮ್ಮ ಸೀಮೆಯಲ್ಲಿ ರಿಟೈರಾದ ಮೇಷ್ಟ್ರುಗಳನ್ನು ಕೇಳಿ ನೋಡಿದೆವು. ನಗುತ್ತಾರೆ. 1986ರಿಂದ ನಾಲ್ಕು ವರ್ಷ ದೇಶದ ತುಂಬ ಬೇಸಿಗೆಯಲ್ಲಿ ಸಾಮೂಹಿಕ ಶಿಬಿರ ನಡೆಯಿತು. ಎಷ್ಟು ದಿನ? ಹತ್ತು ದಿನ. ಹೊಸ ಶಿಕ್ಷಣ ನೀತಿಯ ಗುಣಗಾನ ಕೇಳುವುದರಲ್ಲೇ ಅರ್ಧ ಕಳೆಯಿತು ಎನ್ನುತ್ತಾರೆ ಹೋದವರು. ಆಮೇಲೆ ಜಿಲ್ಲೆಗೊಂದು ಡಯಟ್ ಬಂತು, 2001ರ ನಂತರ ಸರ್ವ ಶಿಕ್ಷಾ ಅಭಿಯಾನದಲ್ಲಿ ವರ್ಷಕ್ಕೆ ಇಪ್ಪತ್ತು ದಿನದ ತರಬೇತಿ ಎಂದಾಯಿತು. ಹಾಡು, ಆಟ, ಚಾರ್ಟು, ಚಟುವಟಿಕೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರುಗಳೇ ಕೈಹಾಕಿ ಬೆಳೆಸಿದ ನಲಿಕಲಿಯ ಬಗ್ಗೆ ನಮಗೆ ಗೌರವವಿದೆ. ಹಾಡಬೇಡಿ ಎನ್ನುವುದಿಲ್ಲ. ಆದರೆ ತಿರುಗಿಸುವುದು ಯಾಕೆ ಎಂಬುದಕ್ಕೆ ಹಾಡಿನಲ್ಲಿ ಉತ್ತರವಿಲ್ಲ.

ಇನ್ನೊಂದು ದೇಶದ ಬೇಸಿಗೆಯನ್ನು ಇಲ್ಲಿ ನೆನೆಯಬೇಕು. ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕಾದ ಕಪ್ಪು ಜನರಿಂದ ತಂದರು, ಗೊತ್ತಿರುವುದೇ. ಆ ಕಪ್ಪು ಜನರ ಶಾಲೆಗಳ ಮೇಷ್ಟ್ರುಗಳ ಕಥೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಬಂದಿಲ್ಲ. ದಕ್ಷಿಣದ ರಾಜ್ಯಗಳ ವಿಶ್ವವಿದ್ಯಾಲಯಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದವು. ಹೆಚ್ಚಿನ ಓದು ಬೇಕು ಎಂದು ಕೇಳಿದರೆ, ಬಾಗಿಲು ತೆರೆಯುವ ಬದಲು ಕೆಲವು ರಾಜ್ಯಗಳು ಹೊರಗೆಲ್ಲಾದರೂ ಓದಿಕೊಳ್ಳಿ ಎಂದು ಫೀಸು ಕೊಟ್ಟು ಸಾಗಹಾಕುತ್ತಿದ್ದವು. ಮುಟ್ಟಿಸಿಕೊಳ್ಳದೇ ಇರಲು ದುಡ್ಡು ಕೊಡುವುದು! ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹೀಗಾಗಿ ಕಪ್ಪು ಮೇಷ್ಟ್ರುಗಳು, ಅದರಲ್ಲೂ ಹೆಣ್ಣುಮಕ್ಕಳು, ಬೇಸಿಗೆ ಬಂದರೆ ರೈಲು ಹತ್ತಿ ಉತ್ತರದ ಊರುಗಳಿಗೆ ಹೋದರು. ಅವರಲ್ಲಿ ಬಹಳ ಜನ ಸೇರಿದ್ದು ನ್ಯೂಯಾರ್ಕಿನ ಕೊಲಂಬಿಯಾ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಅದೇ ಕೊಲಂಬಿಯಾ.

ಸೆಪ್ಟಿಮಾ ಕ್ಲಾರ್ಕ್ ಎಂಬ ತಾಯಿ ಅವರಲ್ಲೊಬ್ಬರು. 1898ರಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದವರು. ಅವರ ಅಪ್ಪ ಹುಟ್ಟಾ ಗುಲಾಮ. 1916ರಲ್ಲಿ ಜಾನ್ಸ್ ದ್ವೀಪದ ಶಾಲೆಗೆ ಸೇರಿದಾಗ 132 ಮಕ್ಕಳಿಗೆ ಇವರನ್ನೂ ಸೇರಿಸಿ ಇಬ್ಬರೇ ಶಿಕ್ಷಕರು. ರಸ್ತೆಯಾಚೆಯ ಬಿಳಿಯರ ಶಾಲೆಯಲ್ಲಿ ಮೂರೇ ಮಕ್ಕಳು, ಅಲ್ಲಿನ ಶಿಕ್ಷಕಿಗೆ ಸಂಬಳ ಇವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಪದವಿಯಿಲ್ಲದೆಯೇ ಕೆಲಸಕ್ಕೆ ಸೇರಿದ ಈಕೆ ಬೇಸಿಗೆಯಲ್ಲಿ ಕೊಲಂಬಿಯಾಕ್ಕೆ ಹೋದರು. ಇನ್ನೊಂದು ಬೇಸಿಗೆ ಅಟ್ಲಾಂಟಾಕ್ಕೆ ಹೋಗಿ ಡ್ಯು ಬಾಯ್ಸರ ಪಾಠ ಕೇಳಿದರು. ಪಾಠ ಹೇಳುತ್ತಲೇ, ಮಗನನ್ನು ಸಾಕುತ್ತಲೇ, 1940ರ ದಶಕದಲ್ಲಿ ಬಿ.ಎ., ಆಮೇಲೆ ಎಂ.ಎ. ಮುಗಿಸಿದರು. ಅಷ್ಟು ಹೊತ್ತಿಗೆ ವಯಸ್ಸು ಐವತ್ತರ ಹತ್ತಿರ. 1956ರಲ್ಲಿ ಕಪ್ಪು ಜನರ ಸಂಘಟನೆಯ ಸದಸ್ಯತ್ವ ಬಿಡಲು ಒಪ್ಪದ್ದಕ್ಕೆ ಕೆಲಸದಿಂದ ತೆಗೆದರು. ನಲವತ್ತು ವರ್ಷದ ಸರ್ವಿಸಿನ ಪಿಂಚಣಿಯೂ ಹೋಯಿತು. ಮರುವರ್ಷವೇ ಅದೇ ಜಾನ್ಸ್ ದ್ವೀಪದಲ್ಲಿ ಹಿರಿಯರಿಗೆ ಅಕ್ಷರ ಕಲಿಸುವ ಶಾಲೆ ಶುರುವಾಗಲು ಕಾರಣರಾದರು. ಓಟಿನ ಹಕ್ಕಿಗೆ ಅಲ್ಲಿ ಓದು ಬರಹದ ಪರೀಕ್ಷೆಯಿತ್ತು. ಆ ಶಾಲೆಯ ಮೊದಲ ಶಿಕ್ಷಕಿ ತಲೆಗೂದಲು ಬಾಚಿ ಸಿಂಗರಿಸುವ ಕಸುಬಿನ ಹೆಣ್ಣುಮಗಳು. ಬೇಸಿಗೆಯಲ್ಲಿ ಕಲಿತದ್ದು ಹೀಗೆ ಕೇರಿಗೆ ವಾಪಸು ಬಂತು.

ಬೇಸಿಗೆ ಓದು ಎಂದರೆ ಇಂಕ್ರಿಮೆಂಟು ಮಾತ್ರವೇ ಅಲ್ಲ ಎನ್ನಲು ಇದನ್ನು ಹೇಳಿದೆವು. ನಮ್ಮ ದೇಶದಲ್ಲೂ ಒಂದು ಉದಾಹರಣೆ ಉಂಟು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 16 ಹಳ್ಳಿ ಶಾಲೆಗಳಲ್ಲಿ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ಆರಂಭವಾಯಿತು. ಪ್ರತಿ ಬೇಸಿಗೆ ಮೂರು ವಾರ ಮಿಡ್ಲ್‌ಸ್ಕೂಲು ಮೇಷ್ಟ್ರುಗಳು, ದೊಡ್ಡ ಸಂಸ್ಥೆಗಳ ವಿಜ್ಞಾನಿಗಳು ಒಂದೇ ನೆಲದ ಮೇಲೆ ಕೂತು ಹೂವು ಬಿಡಿಸಿ ನೋಡಿದರು, ಬ್ಯಾಟರಿಗೆ ವೈರು ಕಟ್ಟಿದರು. ಭಾಷೆ ಹಿಂದಿ. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. 2002ರಲ್ಲಿ ಸರ್ಕಾರ ನಿಲ್ಲಿಸಿತು. ಯಾಕೆ ಸಾ ಎಂದು ಕೇಳುವ ಮಕ್ಕಳು ಯಾವ ಸರ್ಕಾರಕ್ಕೂ ಹಿಡಿಸುವುದಿಲ್ಲವೇನೋ.

ನಮ್ಮಲ್ಲಿ ಬಡ ಮೇಷ್ಟ್ರಿಗೆ ಒದಗಿದ್ದು ಅಂಚೆ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ತೆರೆಯಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಪೋಸ್ಟಿನಲ್ಲಿ ಬಂದ ಪಾಠಗಳನ್ನು ಲಾಟೀನಿನಡಿ ಓದಿ, ರಜೆಯಲ್ಲಿ ಮೈಸೂರಿಗೆ ಹೋಗಿ ಸಂಪರ್ಕ ತರಗತಿಯಲ್ಲಿ ಕೂತು, ಛತ್ರದಲ್ಲೋ ನೆಂಟರ ಮನೆಯಲ್ಲೋ ಮಲಗಿ ಬಿ.ಎ. ಮಾಡಿಕೊಂಡ ದಲಿತ ಮೇಷ್ಟ್ರುಗಳು ನಮ್ಮ ತಾಲ್ಲೂಕಿನಲ್ಲಿ ಹಲವರಿದ್ದಾರೆ. ಕನ್ನಡದಲ್ಲಿ ಎಂ.ಎ. ಮಾಡಿದವರೂ ಇದ್ದಾರೆ. ದಲಿತ ಸಂಘರ್ಷ ಸಮಿತಿಯ ಹೋಬಳಿ ಸಭೆಗಳಿಗೆ ಜಮಖಾನ ಹಾಸಿದವರು, ಭಾಷಣ ಬರೆದುಕೊಟ್ಟವರು, ನಮ್ಮ ಕೈಗೆ ಮೊದಲ ಕವನ ಸಂಕಲನ ಕೊಟ್ಟವರು ಇವರೇ. ಆದರೆ ಅಂಚೆಯ ಚೀಲದಲ್ಲಿ ಪ್ರಯೋಗಶಾಲೆ ಹಿಡಿಸುವುದಿಲ್ಲ. ಚರಿತ್ರೆ ಬಂತು, ಸಾಹಿತ್ಯ ಬಂತು. ಗಣಿತ, ವಿಜ್ಞಾನ ಬಾಗಿಲಾಚೆಯೇ ಉಳಿದವು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದಾಗ ರೊಚ್ಚಿಗೆದ್ದವರು, ಹಾಗಾದರೆ ಬೂಸಾ ಅಲ್ಲದ್ದನ್ನು, ಭೌತಶಾಸ್ತ್ರವನ್ನು, ಹಳ್ಳಿ ಮೇಷ್ಟ್ರಿಗೆ ಕನ್ನಡದಲ್ಲಿ ಕಲಿಸೋಣ ಎಂದು ಒಂದು ಬೇಸಿಗೆಯನ್ನಾದರೂ ಕೊಟ್ಟರೇ?

ಇಷ್ಟು ಕಷ್ಟಪಟ್ಟು ಗಳಿಸಿದ ಪದವಿಗೆ ಬೆಲೆ ಏನಾಯಿತು? ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರಿಂದ ಯುಜಿಸಿ ಮಾನ್ಯತೆ ತಪ್ಪಿತು, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಓದಿದವರು ಸರ್ಟಿಫಿಕೇಟು ಹಿಡಿದು ಕಚೇರಿ ಕಚೇರಿ ಅಲೆದರು. 2017ರ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರೆಂಬ ಬೇರೆ ವೃಂದ ಮಾಡಿದರು. ಹಿಂದೆ ಒಂದರಿಂದ ಏಳಕ್ಕೆಂದು ನೇಮಕವಾಗಿದ್ದವರನ್ನು ಒಂದರಿಂದ ಐದಕ್ಕೆ ಇಳಿಸಿದರು. ಪದವಿ ಇದ್ದವರನ್ನೂ ಇಳಿಸಿದರು. 2024ರಲ್ಲಿ ಅವರೆಲ್ಲ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದು ಇದಕ್ಕೇ. ಮೇಲಿನ ತರಗತಿಗೆ ಪದವೀಧರರು ಬೇಕು ಎಂಬುದು ನ್ಯಾಯವೇ. ಮೂವತ್ತು ಬೇಸಿಗೆ ಕಳೆದುಕೊಂಡು ತಾವೇ ಪದವೀಧರರಾದವರ ಗತಿ?

ಕೊನೆಗೆ ನಮ್ಮ ಜಿಲ್ಲೆಯ ಬಾಗಿಲಿಗೇ ಒಂದು ದೊಡ್ಡ ವಿದ್ಯಾಕೇಂದ್ರ ಬಂತು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟರು. ಅಲ್ಲಿ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಎಂದು ತೆರೆದು, 2011ರ ಸುಮಾರಿನಿಂದ ಸರ್ಕಾರಿ ಶಾಲೆ, ಪಿಯು ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ವಿಷಯವನ್ನೇ ಕಲಿಸುತ್ತಿದ್ದಾರೆ. ಪ್ರಯೋಗಶಾಲೆ ಇದೆ, ಕೈಯಿಂದ ಮಾಡಿಸುತ್ತಾರೆ. ಹೋಗಿಬಂದ ಹೈಸ್ಕೂಲು ಮೇಷ್ಟ್ರೊಬ್ಬರು, "ಇಪ್ಪತ್ತು ವರ್ಷ ಬೋರ್ಡ್ ಮೇಲೆ ಬರೆದದ್ದನ್ನ ಮೊದಲ್ನೇ ಸಲ ಕಣ್ಣಲ್ಲಿ ಕಂಡೆ ಕಣ್ರಯ್ಯಾ" ಎಂದರು. ಆ ಮಾತಿನಲ್ಲಿ ಸಂತೋಷವೂ ಇತ್ತು, ನಾಚಿಕೆಯೂ ಇತ್ತು.

ಆದರೆ ಆ ನೆಲ ಯಾವುದು? ಅದು ಅಮೃತ್ ಮಹಲ್ ಕಾವಲು. ರಾಜರ ಕಾಲದಿಂದ ದನಕ್ಕೆ ಬಿಟ್ಟ ಹುಲ್ಲುಗಾವಲು, ಸುತ್ತಲಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದ ಜಾಗ. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ವಿಜ್ಞಾನ ಸಂಸ್ಥೆಗಷ್ಟೇ ಅಲ್ಲ, ರಕ್ಷಣೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ ಎಂದು ಸಾವಿರಾರು ಎಕರೆ ಹೋಯಿತು, ಗೋಡೆ ಎದ್ದಿತು. ಜನ ಹೋರಾಡಿದರು, ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಕಾವಲು ವಾಪಸು ಬರಲಿಲ್ಲ. ಕುರಿ ಕಾಯುವವನ ನೆಲದ ಮೇಲೆ ಮೇಷ್ಟ್ರು ಭೌತಶಾಸ್ತ್ರ ಕಲಿಯುತ್ತಿದ್ದಾರೆ. ನಾವು ಆ ಕೇಂದ್ರ ಮುಚ್ಚಿ ಎನ್ನುವವರಲ್ಲ. ಕುರಿ ಕಾಯುವವನ ಮಗಳು ಓದುವ ಪ್ರೈಮರಿ ಶಾಲೆಯ ಮೇಷ್ಟ್ರನ್ನೂ ಆ ಗೋಡೆಯೊಳಕ್ಕೆ ಕರೆಯಿರಿ, ಕನ್ನಡದಲ್ಲಿ ಕಲಿಸಿ, ಹತ್ತು ದಿನವಲ್ಲ, ಕೊಠಾರಿಯವರು ಹೇಳಿದಷ್ಟು ದಿನ ಕಲಿಸಿ ಎನ್ನುತ್ತೇವೆ. ನೆಲದ ಬಾಡಿಗೆ ಎಂದಾದರೂ ತಿಳಿಯಿರಿ.

ಹೋದ ಬೇಸಿಗೆ ನಾವು ಕೆಲವರು ಗೆಳೆಯರು, ಮೂವರು ಪ್ರೈಮರಿ ಶಿಕ್ಷಕರು ಸೇರಿ ಒಂದು ವಾರ ಕೇರಿಯ ಅಂಬೇಡ್ಕರ್ ಭವನದಲ್ಲಿ ಕೂತೆವು. ಆ ಹಳೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡೆವು. ಮೂರನ್ನು ಮುಕ್ಕಾಲರಿಂದ ಭಾಗಿಸಿದರೆ ಯಾಕೆ ನಾಲ್ಕು? ಬೋರ್ಡು ತುಂಬ ಬರೆದೆವು, ಒರೆಸಿದೆವು. ಬಾಗಿಲಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಏನಪ್ಪಾ ಅದು?" ಅಂದಳು. ಮೂರು ಸೇರು ರಾಗಿ ಐತೆ, ಆಳಿಗೆ ಮುಕ್ಕಾಲು ಸೇರು ಕೂಲಿ, ಎಷ್ಟು ಆಳಿಗೆ ಆಗುತ್ತೆ ಅಂದೆವು. "ನಾಕಾಳಿಗೆ" ಅಂದಳು, ಯೋಚನೆಯನ್ನೂ ಮಾಡದೆ. ಹೇಗಜ್ಜಿ ಅಂದೆವು. "ಸೇರಿಗೆ ನಾಕು ಪಾವು. ಮೂರು ಸೇರಿಗೆ ಹನ್ನೆರಡು ಪಾವು. ಆಳಿಗೆ ಮೂರು ಪಾವಿನಂಗೆ ಹಾಕು. ಗೌಡ್ರ ಕಣದಾಗೆ ದಿನಾ ಇದೇ ಲೆಕ್ಕ ಅಲ್ವೇನಪ್ಪಾ, ಒಂದು ಪಾವು ಕಮ್ಮಿ ಹಾಕಿದ್ರೆ ನಂಗೆ ಗೊತ್ತಾಗ್ತಿತ್ತು."

ನಾಲ್ಕರಿಂದ ಗುಣಿಸಿದಳು, ಮೂರರಿಂದ ಭಾಗಿಸಿದಳು. ತಿರುಗಿಸುವುದು ಎಂದರೆ ಇಷ್ಟೇ. ಶಿಕ್ಷಕಿಯೊಬ್ಬರು ಅದನ್ನು ಬೋರ್ಡಿನ ಮೇಲೆ ಬರೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮುಂದಿನ ಲೆಕ್ಕಕ್ಕೆ ಹೋದೆವು. ಅದು ಅಚ್ಚೇರಿನದು.